ದುರ್ಬೀನಿನ ಕೆಳಗಿನ ಕುಂಕುಮ

ಭೂಕಂಪವಾಗಿ ಆರನೇ ವರ್ಷ. ಉಮರ್ಗಾದಲ್ಲಿ ನನ್ನದು ಬಂದೂಕು ರಿಪೇರಿ ಅಂಗಡಿ. ಲೈಸೆನ್ಸ್ ಇಲ್ಲದ ಆಯುಧವನ್ನು ಮುಟ್ಟಿದವನಲ್ಲ. ನಾನು ಬಿಗಿದ ಸ್ಕ್ರೂ ಸಡಿಲಾದದ್ದನ್ನು ಕಂಡವರೂ ಇರಲಿಲ್ಲ. ಜಂಬ ಅಂದರೆ ಅನ್ನಿ, ಆ ಹೆಸರಿನಿಂದಲೇ ನನ್ನ ಮನೆಯ ಒಲೆ ಉರಿಯುತ್ತಿತ್ತು.

ಯೆಣೆಗೂರಿನ ಬಸವಂತರಾವ್ ಪಾಟೀಲರು ಅಜ್ಜನ ಕಾಲದ ಭಾರಿ ರೈಫಲ್ ತಂದರು. ಭೂಕಂಪದಲ್ಲಿ ಗೋಡೆ ಬಿದ್ದು ನಳಿಗೆಯ ತುದಿಯ ಗುರಿಮೊಳೆ ಮುರಿದಿತ್ತು. ಆ ವರ್ಷ ಕಬ್ಬಿನೊಳಗೆ ಸೇರಿಕೊಂಡ ಕಾಡುಹಂದಿ ಕಳೆ ತೆಗೆಯುವ ಹೆಣ್ಣುಮಗಳೊಬ್ಬಳನ್ನು ತಿವಿದಿತ್ತು. ಹೊಡೆಯಲು ಪರವಾನಗಿ ಸಿಕ್ಕಿತ್ತು, ಊರೆಲ್ಲ ಪಾಟೀಲರ ಕಡೆ ನೋಡುತ್ತಿತ್ತು. ಗುರಿ ನೋಡಲು ಆ ಮೊಳೆಯ ಬದಲು ಟೆಲಿಸ್ಕೋಪ್, ನಮ್ಮ ಬಾಯಲ್ಲಿ ದುರ್ಬೀನು, ಕೂಡಿಸಿಕೊಡಿ ಎಂದರು.

ಇಂಥ ರೈಫಲ್ ಹಾರಿಸಿದರೆ ಕತ್ತೆ ಒದ್ದಂತೆ ಭುಜಕ್ಕೆ ಒದೆಯುತ್ತದೆ. ರೈಫಲ್ ಹಿಂದಕ್ಕೆ ಜಿಗಿಯುವಾಗ ಮೇಲಿನ ದುರ್ಬೀನು ಇದ್ದಲ್ಲೇ ಇರಲು ನೋಡುತ್ತದೆ. ಅದನ್ನು ಹಿಡಿದಿಡುವುದು ಕೆಳಗಿನ ಉಕ್ಕಿನ ಪಟ್ಟಿ, ಎರಡು ಉಂಗುರ, ಕೆಲವು ಸಣ್ಣ ಸ್ಕ್ರೂ, ಇಷ್ಟೇ. ಹಾಗಾಗಿ ಕೂಡುವ ಜಾಗದಲ್ಲಿ ಎಣ್ಣೆಯ ಪಸೆಯೂ ಇರಬಾರದು. ಪೆಟ್ರೋಲಿನಲ್ಲಿ ತೊಳೆದು, ಒಣಗಿಸಿ, ಸ್ಕ್ರೂಗಳಿಗೆ ಅಂಟು ಹಾಕಿ, ಎಲ್ಲವನ್ನೂ ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿದೆ. ಹಳ್ಳದ ದಂಡೆಯಲ್ಲಿ ಗುಂಡು ಹಾರಿಸಿ ನೋಡಿದೆವು, ಕೂದಲಷ್ಟೂ ಅಲುಗಲಿಲ್ಲ. ಯಾವ ಕಾರಣಕ್ಕೂ ಬಿಚ್ಚಬೇಡಿ, ಬಿಚ್ಚಿದರೆ ನನ್ನ ಹತ್ತಿರ ತನ್ನಿ ಎಂದು ಹೇಳಿ ಕಳಿಸಿದೆ.

ದಸರಾ ಮುಗಿದ ಮೇಲೆ ಸುದ್ದಿ ಬಂತು. ಪಾಟೀಲರು ಹೊಡೆದ ಗುಂಡು ಹಂದಿಯ ಬೆನ್ನು ಸವರಿಕೊಂಡು ಹೋಗಿತ್ತು. ಗಾಯಗೊಂಡ ಹಂದಿ ತಿರುಗಿ ಬಂದು ಅವರ ತೊಡೆ ಸೀಳಿತು. ಸೋಲಾಪುರದ ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಯಿತು. ಎಂಥ ದೊಡ್ಡ ಮನಸ್ಸಿನ ಮನುಷ್ಯ! ನನಗೆ ಅವತ್ತು ತುತ್ತು ಇಳಿಯಲಿಲ್ಲ.

ಲೈಸೆನ್ಸುದಾರರು ತೀರಿಕೊಂಡರೆ ಆಯುಧ ಜಮಾ ಮಾಡಬೇಕು. ಅದಕ್ಕೆ ಮುಂಚೆ ದುರ್ಬೀನು ಬಿಚ್ಚಿಸಲು ಪಾಟೀಲರ ಹೆಂಡತಿ ಕಲಾವತಿಬಾಯಿ ಮೈದುನನನ್ನು ಕರೆದುಕೊಂಡು ಅಂಗಡಿಗೆ ಬಂದರು. ಕೈಗೆ ತೆಗೆದುಕೊಂಡೆ, ದುರ್ಬೀನು ಅಲುಗಾಡಿತು. ಯಾರೋ ಚಾಕುವಿನಿಂದ ತಿರುವಿ ಸ್ಕ್ರೂಗಳ ತಲೆ ಕೆತ್ತಿಹೋಗಿತ್ತು. ಪಟ್ಟಿ ಎತ್ತಿದರೆ ಕೆಳಗೆಲ್ಲ ಎಣ್ಣೆ, ಎಣ್ಣೆಯೊಳಗೆ ಕುಂಕುಮ. ನಮ್ಮ ಕಡೆ ದಸರೆಯ ಖಂಡೆನವಮಿಗೆ ಆಯುಧಕ್ಕೆ ಎಣ್ಣೆ ಸವರಿ ಕುಂಕುಮವಿಟ್ಟು ಪೂಜೆ ಮಾಡುತ್ತಾರೆ. ನನಗೆ ಎಲ್ಲ ತಿಳಿಯಿತು.

ಕಲಾವತಿಬಾಯಿ ನನ್ನ ಮುಖವನ್ನೇ ನೋಡುತ್ತಿದ್ದರು. "ಅಣ್ಣಾ, ಹಿರ್ಯಾರ ಬಂದೂಕಿಗಿ ಇದೇನು ಚಷ್ಮಾ, ಪೂಜಿಗಿ ತೆಗೀರಿ ಅಂತ ನಾನೇ ಹಟಾ ಹಿಡದೆ. ನನ್ನ ಕೈಲೇ ಎಣ್ಣಿ ಹಚ್ಚೀನಿ. ಮತ್ತ ನಿಮ್ಮ ಬಲ್ಲಿ ತರಬೇಕಂತಿದ್ರು, ಅಷ್ಟರಾಗ ಹಂದಿ ಬಂತಂತ ಕರದ್ರು, ಚಾಕೂಲೆ ತಾವೇ ಬಿಗದು ಹಂಗೇ ಹೋದ್ರು. ಅದರಿಂದೇ ಹಿಂಗಾತೇನ್ರಿ?"

ಹೌದು ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ಆ ಕೈಯಿಂದಲೇ ಆಕೆ ನಾಳೆ ಮಕ್ಕಳಿಗೆ ರೊಟ್ಟಿ ಬಡಿಯಬೇಕಲ್ಲ ಅನ್ನಿಸಿತು.

"ಇಲ್ಲ ತಂಗಿ. ಎಣ್ಣಿಗೂ ಇದಕ್ಕೂ ಸಂಬಂಧ ಇಲ್ಲ. ನಾನೇ ಸರೀ ಬಿಗಿದಿದ್ದಿಲ್ಲ," ಎಂದೆ.

ಮೈದುನ ನನ್ನ ಕೊರಳಪಟ್ಟಿ ಹಿಡಿದ. ಕಲಾವತಿಬಾಯಿ ಅವನನ್ನು ಬಿಡಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಕೈ ಸೇದಿ ಹೋಗ್ಲಿ," ಅಂತ ಶಪಿಸಿ ನೆಲಕ್ಕೆ ಕೂತು ಗೊಳೋ ಎಂದು ಅತ್ತರು. ಗಂಡ ಸತ್ತಾಗಿನಿಂದ ಆಕೆ ಅತ್ತಿರಲಿಲ್ಲವಂತೆ, ಮೈದುನನೇ ಹೇಳಿದ.

ಸುದ್ದಿಗೆ ಕಾಲು ಬಂತು. ನಿಲಂಗಾ, ಉದಗೀರ ಕಡೆಯ ಗಿರಾಕಿಗಳು ಬರುವುದನ್ನು ಬಿಟ್ಟರು. ಉಳಿದ ಕೆಲವರ ಮನೆಗೆ ಪ್ರತಿ ದಸರೆಯ ಮುಂಚೆ ನಾನೇ ಹೋಗಿ, ಹೆಂಗಸರನ್ನೂ ಕೂರಿಸಿಕೊಂಡು, "ಹೂವು ಏರಿಸಿರಿ, ಕುಂಕುಮ ಹಚ್ಚಿರಿ, ದುರ್ಬೀನು ಮಾತ್ರ ಬಿಚ್ಚಬೇಡಿ" ಎಂದು ಹೇಳಿ ಬರುತ್ತಿದ್ದೆ. ಆಯುಧ ಒಬ್ಬನದಲ್ಲ, ಇಡೀ ಮನೆಯದು ಎಂದು ಈ ಕಸುಬು ನನಗೆ ಕಲಿಸಿತು. ಕಲಿಯಲು ತೆತ್ತದ್ದು ಬಹಳ.

ಕಲಾವತಿಬಾಯಿ ಈಗಿಲ್ಲ, ಅದಕ್ಕೇ ಬರೆದೆ. ಇರುವತನಕ ಬಸ್‌ಸ್ಟ್ಯಾಂಡಿನಲ್ಲಿ ಕಂಡಾಗೆಲ್ಲ ನನಗೆ ಶಾಪ ಹಾಕಿದರು. ಹಾಕಲಿ. ತಮಗೆ ತಾವು ಹಾಕಿಕೊಳ್ಳಲಿಲ್ಲವಲ್ಲ.