ಚಪಾತಿ ಹಿಟ್ಟಿನ ಪಿಸ್ತೂಲು

ಬೆಳಿಗ್ಗೆ ಪಕ್ಕದ ಮನೆಯ ದರ್ಜಿ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದ. ಕಿಟಕಿಯಿಂದ ಆ ವಾಸನೆ ಬಂತು ನೋಡಿ, ಅವರೆಕಾಯಿ ಸುಲಿಯುತ್ತಿದ್ದ ಕೈ ಹಾಗೇ ನಿಂತಿತು. ನಮ್ಮ ಯಜಮಾನರು ಕೋವಿಗೆ ಹಾಕುತ್ತಿದ್ದ ಎಣ್ಣೆಗೂ ಇದೇ ವಾಸನೆ. ಸತ್ತವರು ನೆನಪಾದರೆ ಅಳು ಬರಬೇಕು ಎನ್ನುತ್ತಾರೆ. ನನಗೆ ಬರಲಿಲ್ಲ. ಹೋದ ವರ್ಷ ನಾನೂ ಮೊಮ್ಮಗಳೂ ಸೇರಿ ಪಿಸ್ತೂಲು ಮಾಡಿದ್ದು ನೆನಪಾಗಿ ನಗು ಬಂತು.

ಗಾಬರಿ ಬೇಡ. ಕಂಪ್ಯೂಟರ್ ಆಟದೊಳಗಿನ ಪಿಸ್ತೂಲು. ಯಾರ ಮೈಗೂ ತಾಗುವುದಿಲ್ಲ.

ಮೊದಲು ಕೋವಿಯ ಮಾತು ಮುಗಿಸಿಬಿಡುತ್ತೇನೆ. ನನ್ನನ್ನು ಕೊಟ್ಟಿದ್ದು ಸೊರಬದ ಕಡೆಯ ಒಂದು ಹಳ್ಳಿಗೆ. ಗದ್ದೆಗೆ ಹಂದಿ ಬೀಳುತ್ತವೆ ಎಂದು ಮನೆಯಲ್ಲಿ ಲೈಸೆನ್ಸಿನ ಕೋವಿ ಇತ್ತು. ಯಜಮಾನರು ಹಂದಿ ಹೊಡೆದಿದ್ದನ್ನು ನಾನು ನೋಡಿಲ್ಲ. ಹಂದಿಗಿಂತ ಪಕ್ಕದ ಗದ್ದೆಯವರೇ ಹೆಚ್ಚು ಹೆದರುತ್ತಿದ್ದರು. ಪ್ರತಿ ಇಲೆಕ್ಷನ್ನಿಗೂ ಆ ಕೋವಿಯನ್ನು ಠಾಣೆಗೆ ಒಪ್ಪಿಸಿ ರಶೀದಿ ತರಬೇಕು. ಓಟು ಎಣಿಸಿ ಮುಗಿದ ಮೇಲೆ ವಾಪಸು. ಒಂದು ಸಲ ಅದೇ ಹೊತ್ತಿಗೆ ಅವರಿಗೆ ಜ್ವರ ಹಿಡಿಯಿತು. "ನಡಿತೀನಿ, ಹೊರೋಕಾಗಲ್ಲ" ಎಂದರು. ಕಂಬಳಿ ಸುತ್ತಿ ನಾನೇ ಹೆಗಲಿಗೇರಿಸಿದೆ. ಬಸ್ಸಿನಲ್ಲಿ ಕಂಡಕ್ಟರು, "ಏನಮ್ಮ ಅದು ಉದ್ದಕೆ?" ಎಂದ. "ಪಂಪಿನ ಪೈಪು" ಎಂದೆ. ಯಜಮಾನರು ಕಿಟಕಿ ಕಡೆ ಮುಖ ತಿರುಗಿಸಿಕೊಂಡು ಕೂತರು.

ಬಸ್ಸಿಳಿದು ಠಾಣೆವರೆಗೆ ನಡೆಯುವಾಗ ಗೊತ್ತಾಯಿತು, ಕೋವಿಯ ಭಾರ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಮೂತಿ ಕೆಳಗೆ ಎಳೆಯುತ್ತದೆ. ಕೈ ತಾನಾಗಿ ಸರಿದು ಸರಿದು ಒಂದು ಜಾಗಕ್ಕೆ ಬಂದು ಕೂರುತ್ತದೆ. ಆ ಜಾಗ ಅವರ ಕೈ ಕೂತು ಕೂತು ಮೊದಲೇ ನುಣ್ಣಗಾಗಿತ್ತು. ಹಿಂದಿನ ಮರದಲ್ಲಿ, ಗುರಿ ಇಡುವಾಗ ಗಲ್ಲ ತಾಗುವ ಕಡೆಯೂ ಹೊಳಪು. ನನಗಿಂತ ಆ ಮರಕ್ಕೇ ಅವರ ಗಲ್ಲ ಹೆಚ್ಚು ತಾಗಿರಬೇಕು. ಅವರು ಹೋದ ಮೇಲೆ ಕೋವಿ ಸರ್ಕಾರಕ್ಕೆ ಹೋಯಿತು, ನಾನು ಶಿಕಾರಿಪುರಕ್ಕೆ ಮಗಳ ಮನೆಗೆ ಬಂದೆ.

ಮಗಳ ಮಗಳು ನೇತ್ರಾ. ಹಗಲೆಲ್ಲ ಮಹಡಿಯ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ. ಏನು ಓದಿದಳು ಅಂತ ಕೇಳಬೇಡಿ, ಮೂರು ಸಲ ಹೇಳಿದ್ದಾಳೆ, ಮೂರು ಸಲವೂ ತಲೆ ಆಡಿಸಿದ್ದೇನೆ. ಆಟ ಮಾಡುವ ಕಂಪನಿಯೊಂದು ಮನೆಯಿಂದಲೇ ಮಾಡು ಎಂದು ಅವಳಿಗೆ ಕೆಲಸ ಕೊಟ್ಟಿತ್ತು. ಆದರೆ ಮೂರು ತಿಂಗಳ ಪರೀಕ್ಷೆ. ಪರೀಕ್ಷೆ ಏನಪ್ಪಾ ಎಂದರೆ, ಇನ್ನೂರು ವರ್ಷ ಮುಂದಿನ ಕಾಲದ ಒಂದು ಪಿಸ್ತೂಲನ್ನು ಕಂಪ್ಯೂಟರಿನಲ್ಲಿ ಕಟ್ಟಿ ಕೊಡಬೇಕು. ಎರಡು ಸಲ ಕಳಿಸಿದಳು, ಎರಡು ಸಲವೂ ವಾಪಸು. ಮೂರನೆಯದೂ ವಾಪಸಾದರೆ ಕೆಲಸವಿಲ್ಲ, ಅಪ್ಪನ ಗೊಬ್ಬರದಂಗಡಿಯಲ್ಲಿ ಕೂರಬೇಕು. ಅಂಗಡಿ ಶಿರಾಳಕೊಪ್ಪದಲ್ಲಿ. ಅಳಿಯಂದಿರು ಅವಳಿಗೊಂದು ಕುರ್ಚಿಯನ್ನೂ ತರಿಸಿಟ್ಟಿದ್ದರು.

"ಇಲ್ಲದ ಪಿಸ್ತೂಲಿಗೆ ಇಷ್ಟು ತಲೆಬಿಸಿ ಯಾಕವ್ವಾ? ನಮ್ಮಲ್ಲಿ ಇರೋ ಯೂರಿಯಾನೇ ಸಾಲವಲ್ದು, ಬಂದು ಚೀಟಿ ಬರಿ" ಎನ್ನುತ್ತಿದ್ದರು. ಕೆಟ್ಟ ಮನುಷ್ಯ ಅಲ್ಲ. ಮಗಳಿಗೆ ಅನ್ನದ ದಾರಿ ಇರಲಿ ಎಂದು ಅವರ ಆಸೆ. ನೇತ್ರಾಳಿಗೆ ಮಾತ್ರ ಆ ಕುರ್ಚಿ ನೆನೆದರೆ ಊಟ ಇಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಮಜ್ಜಿಗೆ ಕೊಡಲು ಮಹಡಿಗೆ ಹೋದೆ. ಪರದೆಯ ಮೇಲೆ ಪಿಸ್ತೂಲು ತಾನೇ ಗಿರಗಿರ ತಿರುಗುತ್ತಿತ್ತು. ಮೈತುಂಬ ನೀಲಿ ದೀಪದ ಗೆರೆಗಳು, ನವರಾತ್ರಿಯ ಅಂಗಡಿ ಹಾಗೆ. ಅವಳ ಕಣ್ಣು ಕೆಂಪಾಗಿತ್ತು.

"ಏನಂತಾರೆ ಅವರು?" ಎಂದೆ.

"ಇಪ್ಪತ್ತು ವರ್ಷ ಒಬ್ಬರ ಕೈಯಲ್ಲಿ ಇದ್ದ ಹಾಗೆ ಕಾಣ್ಬೇಕಂತೆ ಅಜ್ಜಿ. ಹಳೇದು ಮಾಡಿ ಕಳಿಸಿದೆ. ಇದು ಬಳಸಿದ ಹಾಗಿಲ್ಲ, ಉಜ್ಜಿದ ಹಾಗಿದೆ ಅಂದ್ರು."

ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದೆ. ಅಂಚು ಇದ್ದಲ್ಲೆಲ್ಲ ಬಣ್ಣ ಹೋಗಿತ್ತು. ಮೇಲೆ, ಕೆಳಗೆ, ಸಂದಿಯಲ್ಲಿ, ಎಲ್ಲ ಒಂದೇ ಸಮ.

"ಯಾವಳೇ ಇದನ್ನ ಸವೆಸಿದೋಳು?"

"ನಾನಲ್ಲ, ಒಂದು ಗುಂಡಿ ಒತ್ತಿದ್ರೆ ಅಂಚೆಲ್ಲ ತಾನೇ ಸವೀತದೆ."

"ಅದಕ್ಕೇ. ಎಲ್ಲಾ ಕಡೆ ಸವೆದ ಕುಡುಗೋಲು ನಾನಂತೂ ಕಂಡಿಲ್ಲ. ಬಂದಳಿಕೆ ಗುಡಿ ಹೊಸ್ತಿಲು ನೋಡಿದೀಯಲ್ಲ, ನಡುವೆ ಗುಳಿ ಬಿದ್ದಿದೆ, ಮೂಲೆ ಹಾಗೇ ಇದೆ. ಮೂಲೆ ಮೇಲೆ ಯಾರು ಕಾಲಿಡ್ತಾರೆ?"

ಹುಡುಗಿ ಪರದೆ ಬಿಟ್ಟು ನನ್ನ ಕಡೆ ತಿರುಗಿ ಕೂತಳು. ನನಗೆ ಇನ್ನಷ್ಟು ಉಮೇದು ಬಂತು.

"ಇದನ್ನ ಹಿಡಿಯೋರು ಯಾರು?"

"ಒಬ್ಬಳು ಹೆಂಗಸು. ಊರಿಂದ ಊರಿಗೆ ನೀರಿನ ಬಂಡಿ ಹೊಡ್ಕೊಂಡು ಹೋಗೋಳು. ದಾರೀಲಿ ನೀರು ಕದಿಯೋಕೆ ಕಳ್ಳರು ಬರ್ತಾರೆ."

"ವಯಸ್ಸೆಷ್ಟು? ಎಡಗೈನೋ ಬಲಗೈನೋ?"

"ಅದು... ಕೇಳಿಲ್ಲ."

"ಕಳ್ಳರಿರೋ ದಾರೀಲಿ ಇಷ್ಟು ದೀಪ ಹಚ್ಕೊಂಡು ಹೋಗ್ತಾಳಾ? ನಾನಿಲ್ಲಿದೀನಿ ಬರ್ರಪ್ಪಾ ಅಂತ?"

ನೇತ್ರಾ ನಕ್ಕುಬಿಟ್ಟಳು. ಎರಡು ವಾರದ ಮೇಲೆ ಮೊದಲ ಸಲ.

ನಾನು ಓದಿದ್ದು ನಾಲ್ಕನೇ ಇಯತ್ತೆ. ಅವಳಿಗೆ ಪಾಠ ಹೇಳಲು ಹೊರಟಿದ್ದು ಉದ್ಧಟತನವೇ. ಆದರೂ ಕೈ ಹಿಡಿದು ಕೆಳಗೆ ಕರೆದುಕೊಂಡು ಹೋದೆ. ಅಡುಗೆಮನೆಯಲ್ಲಿ ರಾತ್ರಿಯ ಚಪಾತಿಗೆಂದು ಮಗಳು ಕಲಸಿಟ್ಟ ಹಿಟ್ಟಿತ್ತು. ಒಂದು ದಪ್ಪ ಉಂಡೆ ತೆಗೆದು ಅವಳಿಗೆ ಕೊಟ್ಟೆ. "ಪಿಸ್ತೂಲು ಅಂತ ಹಿಡಿ." ಹಿಡಿದಳು. ನಾಜೂಕಾಗಿ, ಪೆನ್ನು ಹಿಡಿದ ಹಾಗೆ. ಹಿಟ್ಟಿನಲ್ಲಿ ಗುರುತೇ ಬೀಳಲಿಲ್ಲ. ಇನ್ನೊಂದು ಉಂಡೆ ತೆಗೆದು ನಾನು ಹಿಡಿದೆ. ಹದಿನಾಲ್ಕನೇ ವಯಸ್ಸಿನಿಂದ ಕುಡುಗೋಲು ಹಿಡಿದ ಕೈ ಇದು. ಹೆಬ್ಬೆರಳು ಸುತ್ತಿ ಬರಲಿಲ್ಲ, ಹಿಡಿಯ ಮೇಲೆ ಉದ್ದಕ್ಕೆ ಮಲಗಿತು. ಕಿರುಬೆರಳು ಕೆಳಗೆ ಕೊಕ್ಕೆ ಹಾಕಿತು. ಬೆರಳು ಬಿಡಿಸಿದಾಗ ಹಿಟ್ಟಿನಲ್ಲಿ ನನ್ನ ಕೈಯೇ ಇತ್ತು.

"ಅಜ್ಜಿ, ಅಲ್ಲಾಡಬೇಡ. ಕೆಳಗಿಡಬೇಡ" ಎಂದು ಮೊಬೈಲು ತರಲು ಓಡಿದಳು. ಆ ಉಂಡೆಯನ್ನು ಸುತ್ತಿ ಸುತ್ತಿ ಎಷ್ಟು ಫೋಟೋ ತೆಗೆದಳೋ. ಮಗಳು ಬಂದು, "ಚಪಾತಿ ಹಿಟ್ಟಿಗೆ ಏನಾಗಿದೆ?" ಎಂದರೆ ಇಬ್ಬರೂ ಒಟ್ಟಿಗೆ, "ಮುಟ್ಟಬೇಡ" ಎಂದೆವು. ಅವತ್ತು ಮನೆಯಲ್ಲಿ ಉಪ್ಪಿಟ್ಟು. ಅಳಿಯಂದಿರು ತಟ್ಟೆ ನೋಡಿ ಉಪ್ಪಿನಕಾಯಿ ಕೇಳಿದರು.

ಮುಂದಿನ ಆರು ದಿನ ನನಗೆ ಮೊಣಕಾಲು ನೋವೇ ನೆನಪಿರಲಿಲ್ಲ. ದಿನಕ್ಕೆ ನಾಲ್ಕು ಸಲ ಮಹಡಿ ಹತ್ತಿದೆ. ಹೆಬ್ಬೆರಳು ಮಲಗುವ ಕಡೆ ಕನ್ನಡಿ ಹಾಗೆ ಹೊಳೆಯಬೇಕು, ಬೆರಳು ಹೋಗದ ಸಂದಿಯಲ್ಲಿ ಕೊಳೆ ಕೂತಿರಬೇಕು, ಸೊಂಟಕ್ಕೆ ಉಜ್ಜುವ ಬದಿಯಲ್ಲಿ ಮಾತ್ರ ಬಣ್ಣ ಹೋಗಿರಬೇಕು ಎಂದೆ. ಮೂತಿ ಭಾರವಾಗಿದೆ, ಮಣಿಕಟ್ಟು ನೋಯುತ್ತದೆ, ಹಿಂದಕ್ಕೆ ತಾ ಎಂದೆ. ತಂದಳು. ನೀಲಿ ದೀಪವನ್ನು ಅವಳೇ ಯೋಚಿಸಿ ಹಿಂಬದಿಗೆ ಸರಿಸಿದಳು. ಹಿಡಿದವಳಿಗೆ ಮಾತ್ರ ಕಾಣುವಂತೆ ಐದು ಚುಕ್ಕಿ, ಎಷ್ಟು ಈಡು ಉಳಿದಿದೆಯೋ ಅಷ್ಟು ಉರಿಯುತ್ತವೆ. ಇದು ನನಗೆ ಹೊಳೆದಿರಲಿಲ್ಲ. ಕೆಲವು ಕಡೆ ನನ್ನ ಮಾತು ತಪ್ಪೂ ಆಯಿತು. ಮದ್ದು ತುಂಬಲು ಬಾಯಿ ಎಲ್ಲಿ ಎಂದು ಕೇಳಿ ನಗೆಪಾಟಲಾದೆ. ಮುಂದಿನ ಕಾಲದಲ್ಲಿ ಮದ್ದಿಲ್ಲವಂತೆ, ಬರೀ ಬ್ಯಾಟರಿಯಂತೆ.

ಕಳಿಸಿದ ಮೂರನೇ ದಿನ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಫೋನಿನಲ್ಲಿ ಕಂಪನಿಯ ಹೆಣ್ಣುಮಗಳೊಬ್ಬಳ ಮುಖ ಬಂತು. ನಾನು ಬಾಗಿಲ ಹಿಂದೆ ನಿಂತಿದ್ದೆ. ಹಿಡಿಯ ಆಕಾರ ಎಲ್ಲಿಂದ ತಂದಿರಿ ಎಂದು ಅವಳು ಕೇಳಿದಳು. ನೇತ್ರಾ ಮೊದಲು ತಡವರಿಸಿದಳು, ಆಮೇಲೆ ಹಿಟ್ಟಿನ ಫೋಟೋ ತೋರಿಸಿದಳು. ಇನ್ನೊಮ್ಮೆ ತೋರಿಸಿ ಎಂದಳು ಅವಳು. ನನಗೆ ಶಿರಾಳಕೊಪ್ಪದ ಕುರ್ಚಿ ಕಣ್ಣೆದುರು ಬಂತು.

"ಇದು ಯಾರ ಕೈರೀ?"

"ನಮ್ಮ ಅಜ್ಜಿದು, ಮೇಡಂ."

"ಇನ್ನೊಂದು ಆಯುಧ ಇದೆ, ಸೋಮವಾರದಿಂದ ಶುರು ಮಾಡ್ತೀರಾ?"

ನೇತ್ರಾ ಫೋನು ಇಟ್ಟು ಬಂದು ನನ್ನನ್ನು ಎತ್ತಿದಳು. ಸೊಂಟ ಹಿಡಿಯಿತು. ಬೈದೆ. ಮತ್ತೆ ಎತ್ತಿದಳು.

ಅಳಿಯಂದಿರು ಮನೆಯಲ್ಲಿ, "ಹೂಂ, ಆಗ್ಲಿ" ಎಂದಷ್ಟೇ ಹೇಳಿದರು. ಅಂಗಡಿಗೆ ಹೋಗಿ ಮಾತ್ರ, "ನಮ್ಮ ಮಗಳು ಪಿಸ್ತೂಲು ಮಾಡ್ತಾಳೆ" ಎಂದು ಎಲ್ಲರೆದುರು ಹೇಳಿದರಂತೆ, ಗೊಬ್ಬರಕ್ಕೆ ಬಂದವರು ಎರಡು ಹೆಜ್ಜೆ ಹಿಂದೆ ಸರಿದರಂತೆ. ಆಟದ್ದು, ಆಟದ್ದು ಎಂದು ಬಿಡಿಸಿ ಹೇಳುವುದರಲ್ಲಿ ಅವರಿಗೆ ಸಾಕುಸಾಕಾಯಿತು.

ಆ ಆಟ ಈ ವಾರ ಹೊರಗೆ ಬಂದಿದೆ. ಅವರೆಕಾಯಿ ಬದಿಗಿಟ್ಟು ಈಗಷ್ಟೇ ಮಹಡಿ ಹತ್ತಿ ಬಂದೆ. ನೇತ್ರಾ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಓಡಲು ಇದು, ಹೊಡೆಯಲು ಇದು ಎಂದು ಕಲಿಸಿದ್ದಾಳೆ. ಇನ್ನೊಂದು ಕೀಲಿ ಇದೆ, ಅದನ್ನು ಒತ್ತಿದರೆ ನೀರಿನ ಬಂಡಿಯ ಆ ಹೆಂಗಸು ಪಿಸ್ತೂಲನ್ನು ಮುಖದ ಹತ್ತಿರ ತಂದು ಆ ಬದಿ ಈ ಬದಿ ತಿರುಗಿಸಿ ತೋರಿಸುತ್ತಾಳೆ. ನನಗೆ ಬೇಕಾದದ್ದು ಅದೊಂದೇ. ಬಂಡಿಯ ಪಕ್ಕ ನಿಂತು ಒತ್ತುತ್ತೇನೆ, ನೋಡುತ್ತೇನೆ. ಅಷ್ಟರಲ್ಲಿ ಕಳ್ಳರು ಬಂದು ನನ್ನನ್ನು ಹೊಡೆದು ನೀರು ಒಯ್ಯುತ್ತಾರೆ. ಏಳು ಸಲ ಸತ್ತೆ.

"ಅಜ್ಜಿ, ಬಂದ್ರು, ಹೊಡಿ" ಎನ್ನುತ್ತಿದ್ದಾಳೆ ನೇತ್ರಾ.

"ಇರೇ," ಎಂದೆ, "ಆ ಬದಿ ಇನ್ನೂ ನೋಡಿಲ್ಲ."