ಕೆಂಚಣ್ಣ ನೋಡಿಕೊಂಡ ಓಟದ ನಾಯಿ

ಉದ್ದಕ್ಕೆ ಎಳೆದ ಒಂದು ಊಳು. ವಿದ್ಯಾನಗರದ ಆ ಬೀದಿಗೆ ಬೆಳಗಾಗುತ್ತಿದ್ದದ್ದೇ ಅದರಿಂದ. ನಾಗರಾಜಪ್ಪನವರ ಮನೆಯ ಬ್ರೂನೋ ಹೆಚ್ಚು ಬೊಗಳುವ ಜಾತಿಯಲ್ಲ, ಹಿಮದ ಮೇಲೆ ಗಾಡಿ ಎಳೆಯುವ ಹಸ್ಕಿ. "ನಾಯಿ ಊಳಿಟ್ರೆ ಮನೆಗೆ ಒಳ್ಳೇದಲ್ಲ ಕಣ್ರಿ" ಎಂದು ಎದುರುಮನೆಯವರು ದೂರುತ್ತಿದ್ದರು. ಗೇಟಿನ ಪಕ್ಕದ ಕೋಣೆಯಲ್ಲಿ ಮಲಗುತ್ತಿದ್ದ ಕೆಂಚಣ್ಣನಿಗೆ ಮಾತ್ರ, ಹೊತ್ತಾಯ್ತು ಏಳು ಎಂದಂತೆ ಕೇಳುತ್ತಿತ್ತು.

ಮಾಯಕೊಂಡದಲ್ಲಿ ಇಪ್ಪತ್ತೆರಡು ವರ್ಷ ಓಟದ ಎತ್ತುಗಳನ್ನು ನೋಡಿಕೊಂಡವನು ಕೆಂಚಣ್ಣ. ಎತ್ತು ಮಾರಿದ ಮೇಲೆ ದಾವಣಗೆರೆಗೆ ಬಂದು ವಾಚ್‌ಮನ್ ಆದ. ನಾಯಿಯ ಕೆಲಸ ಯಾರೂ ಹೇಳಿದ್ದಲ್ಲ, ತಾನಾಗಿ ಕೈಗೆ ಬಂತು. ಬಿಸಿಲೇರುವ ಮೊದಲೇ ಸೈಕಲ್ಲಿನ ಜೊತೆ ಓಡಿಸುವುದು, ಬಂದ ಮೇಲೆ ಒದ್ದೆ ಗೋಣಿಚೀಲ ಹಾಸುವುದು, ಕಿವಿ ಮುಟ್ಟಿ ಮೈಕಾವು ನೋಡುವುದು.

ನಾಗರಾಜಪ್ಪನವರ ಮಗಳು ನಯನಾ ಒಂದು ಸಂಜೆ ಮೊಬೈಲಿನಲ್ಲಿ ಹಿಮದ ಓಟ ತೋರಿಸಿದಳು. ಬಿಳೀ ಬಯಲು, ಹನ್ನೆರಡು ನಾಯಿ, ದಿನಗಟ್ಟಲೆ ದಾರಿ. ತಂಗುವಲ್ಲಿ ಗಾಡಿಯವನು ತಾನು ಕೂರುವ ಮೊದಲೇ ನಾಯಿಗಳಿಗೆ ಹುಲ್ಲು ಹಾಸಿ, ಬಿಸಿ ಊಟ ಬಡಿಸಿ, ಒಂದೊಂದರ ಪಾದ ಎತ್ತಿ ಬೆರಳ ಸಂದಿಗೆ ಮುಲಾಮು ಸವರಿ ಕಾಲುಚೀಲ ಹಾಕುತ್ತಿದ್ದ.

"ಕುಂಟೋ ನಾಯಿನ ಡಾಕ್ಟ್ರು ಅಲ್ಲೇ ನಿಲ್ಲಿಸಿಬಿಡ್ತಾರೆ ಕೆಂಚಣ್ಣ."

"ಅಯ್ಯೋ, ಆ ಮಂಜಿನಾಗ ಬಿಟ್ಟೋಗ್ತಾರಾ?"

"ಇಲ್ಲ, ವಿಮಾನದಲ್ಲಿ ಊರಿಗೆ ಕಳಿಸ್ತಾರೆ."

"ನಾವೇ ಇನ್ನೂ ಹತ್ತಿಲ್ಲ ಬಿಡವ್ವ" ಎಂದು ನಕ್ಕರೂ ಅವನ ಕಣ್ಣು ಆ ಮುಲಾಮಿನ ಮೇಲೇ ಇತ್ತು. ಎತ್ತಿನ ಗೊರಸಿಗೆ ತಾನು ಮಾಡುತ್ತಿದ್ದುದೂ ಅದನ್ನೇ.

ಏಪ್ರಿಲ್‌ನಲ್ಲಿ ಒಂದು ದಿನ ಓಟ ತಡವಾಯಿತು. ಕಾದ ಡಾಂಬರಿನ ಮೇಲೆ ಬ್ರೂನೋನ ಅಂಗಾಲು ಕೆಂಪಾಗಿ ಬಿರಿಯಿತು. ಸಂಜೆ ಕೆಂಚಣ್ಣ ಹರಳೆಣ್ಣೆಗೆ ಅರಿಶಿನ ಕಲಸಿ, ಬೆಚ್ಚಗೆ ಮಾಡಿ, ನಾಲ್ಕೂ ಪಾದಕ್ಕೆ ಧಾರಾಳವಾಗಿ ಮೆತ್ತಿ, ಹಳೇ ಪಂಚೆ ಹರಿದು ಕಟ್ಟಿದ.

ಮರುದಿನ ಬೆಳಿಗ್ಗೆ ಊಳು ಕೇಳಲಿಲ್ಲ.

ಅಂಗಳವೆಲ್ಲ ಹೊಲಸಾಗಿತ್ತು. ಬಟ್ಟೆ ಚೂರುಗಳ ನಡುವೆ ಬ್ರೂನೋ ಕಾಲು ಚಾಚಿ ಮಲಗಿತ್ತು. ಕರೆದರೆ ಬಾಲದ ತುದಿಯಷ್ಟೇ ಅಲುಗಿತು.

"ವೈರಸ್ಸೇ ಅಪ್ಪಾಜಿ, ಹಿಂದಿನ ಬೀದೀಲಿ ಎರಡು ನಾಯಿ ಸತ್ತಿದ್ವು" ಎಂದು ನಯನಾ ಅಳತೊಡಗಿದಳು.

ಅವರು ನಂಬಿದ್ದ ಡಾಕ್ಟರ್ ಶಾಂತಲಾ ಇದ್ದದ್ದು ಹರಿಹರದಲ್ಲಿ. ನಾಗರಾಜಪ್ಪ ಕಾರು ತೆಗೆದರು. ಹಿಂದಿನ ಸೀಟಿನಲ್ಲಿ ಕೆಂಚಣ್ಣ ನಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಊರು ದಾಟುವಾಗ ಅದರ ಬಾಯಿಯ ವಾಸನೆ ಮೂಗಿಗೆ ಬಡಿಯಿತು. ಹರಳೆಣ್ಣೆ.

ಎತ್ತು ತನ್ನ ಗೊರಸಿನ ಎಣ್ಣೆ ನೆಕ್ಕುವುದಿಲ್ಲ. ನಾಯಿ ನೆಕ್ಕುತ್ತದೆ. ಇಷ್ಟು ವರ್ಷದ ಅವನ ವಿದ್ಯೆಯಲ್ಲಿ ಈ ಒಂದು ಮಾತಿಗೆ ಜಾಗವೇ ಇರಲಿಲ್ಲ.

ಹೇಳಿದರೆ ಕೆಲಸ ಹೋದೀತು. ಹೇಳದಿದ್ದರೆ ಡಾಕ್ಟರು ಇನ್ನಾವುದಕ್ಕೋ ಮದ್ದು ಕೊಟ್ಟು ನಾಯಿಯೇ ಹೋದೀತು. ಹರಿಹರದ ಆಸ್ಪತ್ರೆಯಲ್ಲಿ ನಾಯಿಯನ್ನು ಮೇಜಿನ ಮೇಲೆ ಮಲಗಿಸಿದವನೇ ಕೈ ಮುಗಿದ.

"ಮೇಡಂ, ತಪ್ಪಾಗೈತೆ. ನಾನೇ ಕಾಲಿಗೆ ಹರಳೆಣ್ಣೆ ಹಚ್ಚಿದ್ದೆ. ಪೂರಾ ನೆಕ್ಕೈತೆ."

"ಎಷ್ಟು ಹಚ್ಚಿದ್ರಿ?"

"ಅರ್ಧ ಬಟ್ಟಲು."

ಶಾಂತಲಾ ಬಾಯಿ ನೋಡಿದರು, ಹೊಟ್ಟೆ ಒತ್ತಿದರು, ಪರೀಕ್ಷೆ ಮಾಡಿ ಕಾದರು. ಆಮೇಲೆ ನಕ್ಕುಬಿಟ್ಟರು.

"ವೈರಸ್ಸೂ ಇಲ್ಲ ಗಿರಸ್ಸೂ ಇಲ್ಲ. ಭೇದಿ ಆಗೈತೆ ಅಷ್ಟೆ. ಒಂದು ಬಾಟ್ಲಿ ಗ್ಲೂಕೋಸ್ ಹಾಕ್ತೀನಿ, ಎರಡು ದಿನ ಮೊಸರನ್ನ ಕೊಡ್ರಿ. ನೀವು ಹೇಳಿದ್ದು ಒಳ್ಳೇದಾತು, ಇಲ್ಲಾಂದ್ರೆ ಏನೇನೋ ಚುಚ್ತಿದ್ದೆ." ಪಾದ ತಿರುಗಿಸಿ ನೋಡಿ, "ಬಿರುಕೇನೋ ಮೆತ್ತಗಾಗೈತೆ ಬಿಡ್ರಿ" ಎಂದರು.

ನಾಗರಾಜಪ್ಪ ಬಿಟ್ಟ ಉಸಿರು ಕೋಣೆಗೆಲ್ಲ ಕೇಳಿತು. ನಯನಾ ಕಣ್ಣೊರೆಸಿಕೊಂಡು, "ರಜೆ ಬಂದ್ರೆ ನಮ್ಮಜ್ಜಿ ನಂಗೂ ಹರಳೆಣ್ಣೆ ಕುಡಿಸ್ತಿದ್ಲು. ಸತ್ನಾ ನಾನು?" ಎಂದಳು. ಕೆಂಚಣ್ಣ ಬ್ರೂನೋನ ಕಿವಿ ಮುಟ್ಟಿ ಮೈಕಾವು ನೋಡಿದ. ಮೇಜಿನ ಪಕ್ಕದಲ್ಲೇ ಕುಳಿತ.

ಬಾಟಲಿ ಖಾಲಿಯಾಗುವ ಹೊತ್ತಿಗೆ ಬ್ರೂನೋ ಎದ್ದು ಮೈ ಕೊಡವಿತು. ಹೊರಗೆ ನಾಗರಾಜಪ್ಪ ಕಾರಿನ ಬಾಗಿಲು ಹಿಡಿದು ನಿಂತಿದ್ದರು.

"ಕೆಲಸ ಬಿಡಿಸ್ತೀನಿ ಅಂದ್ಕಂಡಿದ್ದೇನೋ? ಹಚ್ಚೋಕೆ ಮುಂಚೆ ಒಂದ್ ಮಾತು ಕೇಳ್ಬೇಕಿತ್ತು, ನಿಜ. ಆದ್ರೆ ನೀನಲ್ದೆ ಇದನ್ನ ಯಾರು ಇಷ್ಟು…"

ಕೆಂಚಣ್ಣನ ಕೈಯಲ್ಲಿನ ಹಗ್ಗ ಬಿಗಿಯಾಯಿತು. ಬ್ರೂನೋ ಬೇವಿನ ಮರದತ್ತ ಅವಸರ ಮಾಡಿ ಎಳೆಯುತ್ತಿತ್ತು.

"ಒಂದ್ ನಿಮಿಷ ತಡೀರಿ ಸಾವ್ಕಾರ್ರೇ, ಇದಕ್ಕಿನ್ನೂ ಒಂದ್ ಸಲ…" ಎನ್ನುತ್ತ ಕೆಂಚಣ್ಣ ನಾಯಿಯ ಹಿಂದೆ ದಾಪುಗಾಲು ಹಾಕಿದ.