ಗುರಲಿಂಗಯ್ಯನವರು ನುಂಗಿದ ಮಂತ್ರ

ನಿನ್ನೆ ಮಧ್ಯಾಹ್ನ ಹೆಂಡತಿ ತನ್ನ ಮೊಬೈಲನ್ನು ನನ್ನ ಮೂಗಿನ ತನಕ ತಂದು, "ಇವ್ರು ಯಾರ ಹೇಳ್ರಿ ನೋಡೂನು" ಎಂದಳು. ಯಾವುದೋ ಹಳೆಯ ಮರಾಠಿ ಸಿನಿಮಾದ ಮದುವೆ ಮಂಟಪ. ನಾಯಕ ನಾಯಕಿಯರ ಹಿಂದೆ, ಅರ್ಧ ಮುಖ ಕಂಬದ ಮರೆಯಲ್ಲಿಟ್ಟು ಮಂತ್ರ ಹೇಳುತ್ತಿದ್ದವರು ನಮ್ಮ ನಿಲಂಗಾದ ಗುರಲಿಂಗಯ್ಯನವರು.

ಹೆಸರು ಕೇಳಿಲ್ಲವೇ? ನಿಮ್ಮ ತಪ್ಪಲ್ಲ ಬಿಡಿ, ಪರದೆಯ ಮೇಲೂ ಅವರ ಹೆಸರು ಬರುತ್ತಿರಲಿಲ್ಲ. ಹೊಟ್ಟೆಪಾಡಿಗೆ ಮನೆಮನೆಯ ಪೂಜೆ, ಮದುವೆ ಮಾಡಿಸುವ ಅಯ್ಯನವರು, ಹುಚ್ಚಿಗೆ ನಟರು. ಉದಗೀರಿನ ನಾಟಕ ಮಂಡಳಿಯಲ್ಲಿ ಪೋಸ್ಟ್‌ಮನ್, ಜಡ್ಜ್, ಸಿಡುಕು ಮಾವ ಎಲ್ಲ ಆಗಿದ್ದರು. ಆಮೇಲೆ ಸಿನಿಮಾದವರು ಕರೆದರು, ಕರೆದದ್ದು ಮಾತ್ರ ಪ್ರತಿ ಸಲ ಭಟಜಿಯ, ಅಂದರೆ ಪುರೋಹಿತನ, ಪಾತ್ರಕ್ಕೇ. ಶಾಲು, ರುದ್ರಾಕ್ಷಿ, ಮಂತ್ರ ಎಲ್ಲ ಸ್ವಂತದ್ದು. ಇಂಥ ನಟನನ್ನು ಯಾರು ಬಿಟ್ಟಾರು? ಒಮ್ಮೆಯಾದರೂ ಪೊಲೀಸ್ ಫೌಜದಾರನಾಗಬೇಕೆಂದು ಅವರಿಗೆ ಬಹಳ ಆಸೆಯಿತ್ತು. ಆಗಲಿಲ್ಲ.

ಅವರದೊಂದು ನೇಮವಿತ್ತು. ಕ್ಯಾಮೆರಾ ಮುಂದೆ ಮದುವೆಯ ಕೊನೆಯ ಮಂತ್ರವನ್ನು ಹೇಳುತ್ತಿರಲಿಲ್ಲ, ಬರೀ ತುಟಿ ಅಲ್ಲಾಡಿಸುತ್ತಿದ್ದರು. "ನಾ ದೀಕ್ಷಾ ತೊಗೊಂಡ ಅಯ್ಯಾ. ನನ್ನ ಬಾಯಿಂದ ಅದು ಬಂದ್ರ ಲಗ್ನ ಖರೇನ ಆಗ್ತದ. ಆ ಪೋರಿ ಬಿಚಾರಿ ಮುಂದಿನ ಸಿನಿಮಾದಾಗ ಇನ್ನೊಬ್ಬನ ಕೂಡ ಲಗ್ನ ಆಗಬೇಕಲ್ರೀ?" ಎನ್ನುತ್ತಿದ್ದರು. ನಾವು ನಗುತ್ತಿದ್ದೆವು.

ನಗು ನಿಂತದ್ದು ಉಮರಗಾದಲ್ಲಿ ಅವರೇ ಮಾಡಿಸಿದ ನಮ್ಮ ಮದುವೆಯ ಮರುದಿನ. ಬೆಳಿಗ್ಗೆ ಮೊದಲ ಬಸ್ಸಿಗೆ ಓಡಿಬಂದ ಗುರಲಿಂಗಯ್ಯನವರು ಪಡಸಾಲೆಯಲ್ಲಿ ಕುಸಿದು ಕೂತರು.

"ಘಾತ ಆಗ್ಯದ್ರಿ. ನಿನ್ನಿ ಆ ವಿಡಿಯೋದಾಂವ ಕಣ್ಣಾಗ ಲೈಟ್ ಬಿಟ್ಟಿದ್ದ. ರೂಢಿ ಮ್ಯಾಲ ಕಡೀ ಮಂತ್ರ ನುಂಗೀನಿ. ನಿಮ್ದು ಲಗ್ನ ಆಗಿಲ್ಲ."

ಅಪ್ಪ ತಲೆಯ ಮೇಲೆ ಕೈ ಹೊತ್ತು ಕೂತರು. ನಾನು ದೊಡ್ಡ ಮನಸ್ಸು ಮಾಡಿ, "ಇಷ್ಟೇ ಹೌದಲ್ರೀ? ಈಗ ಅಂದಬಿಡ್ರಿ" ಎಂದೆ. ಅವರು ನನ್ನ ಕಡೆ ನೋಡಲೂ ಇಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮದುಮಗಳ ಕಡೆ ತಿರುಗಿದರು.

"ನೀ ಹೇಳವ್ವಾ. ಇನ್ನಾ ಏನೂ ಆಗಿಲ್ಲ. ಅನ್ನಲೋ, ಬಿಡಲೋ?"

ಅಷ್ಟು ಹೊತ್ತಿನ ತನಕ ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ಅವಳು ಒಳಗೆ ಹೋಗಿ ಚಹಾಕ್ಕಿಟ್ಟಳು. ಅಷ್ಟು ಹೊತ್ತು ಕುದ್ದ ಚಹಾವನ್ನು ನಾನು ಜನ್ಮದಲ್ಲಿ ಕಂಡಿಲ್ಲ. ಹೆದರಿದ್ದೆ, ಸುಳ್ಳೇಕೆ ಹೇಳಲಿ. ಕೊನೆಗೆ ಬಂದು ಕಪ್ಪನ್ನು ಅವರ ಮುಂದಿಟ್ಟು, "ಅನ್ರಿ ಅಯ್ಯನೋರ" ಎಂದಳು. ಅವರು ಅಂದರು, ನಾಟಕದ ದನಿಯಲ್ಲಲ್ಲ, ಮೆಲ್ಲಗೆ.

ಈ ಕಥೆ ಹೇಳಿ ಎಷ್ಟೋ ಊಟದ ಪಂಕ್ತಿಗಳಲ್ಲಿ ಜನರನ್ನು ನಗಿಸಿದ್ದೇನೆ. ಅಯ್ಯನವರು ತೀರಿಕೊಂಡು ಬಹಳ ವರ್ಷವಾಯಿತು. ನಿನ್ನೆ ಮೊಬೈಲಿನಲ್ಲಿ ಅವರ ತುಟಿ ಸದ್ದಿಲ್ಲದೆ ಅಲ್ಲಾಡಿದಾಗ ಮಾತ್ರ ನಗು ಬರಲಿಲ್ಲ.

"ಅವತ್ತ ಚಹಾ ಕುದಸೂ ಮುಂದ ಏನ್ ವಿಚಾರ ಮಾಡ್ದಿ?" ಎಂದೆ.

"ಅಯ್ಯನೋರು ಕೇಳಿದ್ರು. ನೀವರ ಒಳಗ ಬಂದು ಕೇಳ್ತೀರೇನು ಅಂತ ದಾರಿ ನೋಡ್ದೆ," ಎಂದಳು. "ಆಮ್ಯಾಲ ಚಹಾ ಉಕ್ಕಿ ಬಂತು."

ಮೊಬೈಲ್ ಕೆಳಗಿಟ್ಟು, ಇಷ್ಟು ವರ್ಷದ ಮೇಲೆ, ಈ ಲಗ್ನ ಅವಳಿಗೆ ಒಪ್ಪಿಗೆಯೇ ಎಂದು ಕೇಳಿದೆ. ಈ ಸಲವೂ ಅವಳು ಎದ್ದುಹೋಗಿ ಮೊದಲು ಚಹಾಕ್ಕಿಟ್ಟಳು.